ಮಾಸ್ತರ ಹಳೇ ಲ್ಯಾಪ್‌ಟಾಪಿಗೆ ಯಾವ ಸಿಸ್ಟಂ? ಒಂದು ಪ್ರಶ್ನೆ, ಇಪ್ಪತ್ತೈದು ವರ್ಷದ ಕಥೆ

2025ರ ದೀಪಾವಳಿ ಎದುರಿಗೆ ಯಂಕಂಚಿಯ ನಿವೃತ್ತ ಮಾಸ್ತರೊಬ್ಬರು ನಮಗೆ ಫೋನ್ ಮಾಡಿದರು.

"ತಮ್ಮಾ, ನನ್ನ ಲ್ಯಾಪ್‌ಟಾಪಿನ್ಯಾಗ ಇನ್ನ ಮುಂದ ಅಪ್‌ಡೇಟ್ ಬರಂಗಿಲ್ಲ ಅಂತ ಬರಾಕತ್ತೈತಿ. ಅಂಗಡಿಯಾಂವ ಹೊಸಾದು ತಗೋರಿ ಅಂತಾನ. ಮೊದಲಿಂದು ವಿಂಡೋಸ್ ಸೆವೆನ್ ಹಾಕಿಸಿದ್ರ ನಡೀತೈತೇನು?"

"ಸರ, ಅದರಾಗ ಏನೇನ್ ಐತ್ರಿ?" ಎಂದು ಕೇಳಿದೆವು.

"ಏನಿಲ್ಲ. ಪೆನ್ಶನ್ ಕಾಗದ, ಮೊಮ್ಮಕ್ಕಳ ಫೋಟೋ. ಮತ್ತ ಆ ಹಂತಿ ಪದ."

ಹಂತಿ ಪದ ಅಂದಕೂಡಲೇ ನಾವು ಎದ್ದು ಕುಳಿತೆವು. ಕಣದಲ್ಲಿ ಎತ್ತಿನ ಹಂತಿ ಕಟ್ಟಿ, ಜೋಳದ ರಾಶಿ ಮಾಡುತ್ತ ರಾತ್ರಿಯೆಲ್ಲ ಹಾಡುತ್ತಿದ್ದ ಪದಗಳವು. ರಾಶಿ ಮಷಿನ್ ಬಂದ ಮೇಲೆ ಹಂತಿ ನಿಂತಿತು, ಹಂತಿಯ ಜೊತೆ ಪದವೂ ನಿಂತಿತು. ಮಾಸ್ತರು ನೌಕರಿಯಲ್ಲಿದ್ದಾಗ ಹಾಡುವವರ ಎದುರಿಗೆ ಕುಳಿತು ನಲವತ್ತರ ಆಸುಪಾಸು ಪದ ಬರೆದುಕೊಂಡಿದ್ದರು. ಆಮೇಲೆ ನುಡಿ ತಂತ್ರಾಂಶದಲ್ಲಿ ತಾವೇ ಟೈಪ್ ಮಾಡಿಟ್ಟರು. ಬರೆದ ನೋಟ್‌ಬುಕ್ ಗೆದ್ದಲು ತಿಂದು ಹೋಗಿದೆ. ಹಾಡಿದವರಲ್ಲಿ ಈಗ ಉಳಿದವರು ಒಬ್ಬ ಅಜ್ಜ.

ಹಾಗಾಗಿ ಮಾಸ್ತರು ಕೇಳಿದ ಪ್ರಶ್ನೆಗೆ ಫೋನಿನಲ್ಲಿ ಒಂದೇ ಮಾತಿನ ಉತ್ತರ ಕೊಡಲು ಆಗಲಿಲ್ಲ. ಯಾವ ಸಿಸ್ಟಂ ಹಾಕಿದರೆ ಯಂತ್ರ ಓಡುತ್ತದೆ ಅನ್ನುವುದು ಒಂದು ಮಾತು. ಯಾವುದರಲ್ಲಿ ಆ ಕನ್ನಡ ಉಳಿಯುತ್ತದೆ ಅನ್ನುವುದು ಬೇರೆ ಮಾತು. ಇವೆರಡೂ ಯಾಕೆ ಬೇರೆಯಾದವು ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಇಂಗ್ಲಿಷ್ ವೇಷದ ಕನ್ನಡ

ಲ್ಯಾಪ್‌ಟಾಪ್ ಬಂಡಿ ಅಂತ ತಿಳಿದರೆ, ಆಪರೇಟಿಂಗ್ ಸಿಸ್ಟಂ ಆ ಬಂಡಿ ಹೊಡೆಯುವಾತ. ವಿಂಡೋಸ್, ಲಿನಕ್ಸ್ ಇವೆಲ್ಲ ಅಂಥ ಹೊಡೆಯುವವರ ಹೆಸರು. ಎಕ್ಸ್‌ಪಿ, 7, 10, 11 ಇವು ವಿಂಡೋಸ್‌ನ ಬೇರೆ ಬೇರೆ ಆವೃತ್ತಿಗಳು.

1990ರ ದಶಕದ ವಿಂಡೋಸ್‌ಗೆ ಕನ್ನಡ ಗೊತ್ತೇ ಇರಲಿಲ್ಲ. ಕಂಪ್ಯೂಟರ್ ಪ್ರತಿ ಅಕ್ಷರವನ್ನೂ ಒಂದು ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. ಆಗ ಬಳಕೆಯಲ್ಲಿದ್ದ ಪಟ್ಟಿಯಲ್ಲಿ ಇದ್ದದ್ದು 256 ಜಾಗ. ಅವೆಲ್ಲ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೇ ಹಂಚಿಹೋಗಿದ್ದವು.

ಆಗ ನಮ್ಮವರು ಒಂದು ಉಪಾಯ ಮಾಡಿದರು. ಆ ಜಾಗಗಳ ಸಂಖ್ಯೆ ಹಾಗೇ ಬಿಟ್ಟು, ಅಕ್ಷರದ ಚಿತ್ರ ಮಾತ್ರ ಬದಲಿಸಿದ ಫಾಂಟ್ ತಯಾರಿಸಿದರು. ಕಂಪ್ಯೂಟರ್ ತಾನು ಇಂಗ್ಲಿಷ್ ಬರೆಯುತ್ತಿದ್ದೇನೆ ಅಂದುಕೊಳ್ಳುತ್ತದೆ, ಪರದೆಯ ಮೇಲೆ ಕನ್ನಡ ಕಾಣುತ್ತದೆ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಅದರ ಬೆನ್ನಿಗೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ನುಡಿಯನ್ನು ರಾಜ್ಯ ಸರ್ಕಾರ ಪುಕ್ಕಟೆ ಹಂಚಿತು, ಕಚೇರಿಗಳಲ್ಲಿ ಅದೇ ರೂಢಿಯಾಯಿತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವನ್ನೇ ನುಡಿ ಬಳಸಿತು. 'ಕ' ಬೇಕಾದರೆ ಇಂಗ್ಲಿಷಿನ 'ಕೆ' ಒತ್ತಿದರಾಯಿತು. ಊರೂರಿನ ಡಿಟಿಪಿ ಅಂಗಡಿ, ಶಾಲೆ, ಪಂಚಾಯಿತಿ ಎಲ್ಲ ಕಡೆ ಜನ ಕನ್ನಡ ಟೈಪಿಂಗ್ ಕಲಿತದ್ದು ಹೀಗೆ. ಈ ಉಪಾಯ ಇಲ್ಲದಿದ್ದರೆ ಒಂದು ತಲೆಮಾರು ಕಂಪ್ಯೂಟರಿನಲ್ಲಿ ಕನ್ನಡವನ್ನೇ ಕಾಣುತ್ತಿರಲಿಲ್ಲ.

ಆದರೆ ಅದಕ್ಕೊಂದು ಬೆಲೆ ಇತ್ತು. ನುಡಿ ಫಾಂಟ್ ಇಲ್ಲದ ಯಂತ್ರದಲ್ಲಿ ಆ ಫೈಲ್ ತೆರೆದರೆ ವೇಷ ಕಳಚಿ ಬೀಳುತ್ತದೆ. 'ಕನ್ನಡ' ಅಂತ ಬರೆದ ಕಡೆ ಇಂಗ್ಲಿಷಿನ 'ಪಿ', ತಲೆ ಮೇಲೆ ಗೀರು ಇರುವ 'ಎ', ಮತ್ತು 'ನ' ಇದ್ದ ಜಾಗದಲ್ಲಿ ಬ್ರಿಟಿಷ್ ಪೌಂಡಿನ ಚಿಹ್ನೆ! ಹಳೇ ನುಡಿ ಫೈಲನ್ನು ಯಾರಾದರೂ ನಿಮ್ಮ ಫೋನಿಗೆ ಕಳಿಸಿದ್ದರೆ ಈ ಅವತಾರವನ್ನು ನೀವು ನೋಡಿಯೇ ಇರುತ್ತೀರಿ.

ಸರಿಯಾದ ದಾರಿಯೂ ಅಷ್ಟೊತ್ತಿಗೆ ತಯಾರಾಗಿತ್ತು. 1991ರಲ್ಲಿ ಬಂದ ಯೂನಿಕೋಡ್ ಎಂಬ ಪಟ್ಟಿಯ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಅದರದೇ 128 ಜಾಗ ಮೀಸಲಿಟ್ಟಿದ್ದರು. ಅದರಲ್ಲಿ 'ಕ' ಅಂದರೆ 3221, 'ನ' ಅಂದರೆ 3240. ಜಗತ್ತಿನ ಯಾವ ಯಂತ್ರಕ್ಕೆ ಹೋದರೂ 3240 ಎಂದರೆ ಕನ್ನಡದ 'ನ', ಬೇರೆ ಯಾವುದೂ ಅಲ್ಲ. ಪಟ್ಟಿ ಇತ್ತು, ಅದನ್ನು ಓದಬಲ್ಲ ಸಿಸ್ಟಂ ಮಾತ್ರ ನಮ್ಮ ಕೈಗೆ ಬಂದಿರಲಿಲ್ಲ.

ಎಕ್ಸ್‌ಪಿಯ ಆ ಒಂದು ಚೌಕ

2000ದಲ್ಲಿ ಬಂದ ವಿಂಡೋಸ್ 2000 ದೇವನಾಗರಿ ಮತ್ತು ತಮಿಳು ಲಿಪಿಗಳನ್ನು ಅರಿತಿತ್ತು. ಕನ್ನಡದ ಪಾಳಿ ಬಂದದ್ದು ಮರುವರ್ಷ. 2001ರ ಅಕ್ಟೋಬರ್ 25ರಂದು ಬಿಡುಗಡೆಯಾದ ವಿಂಡೋಸ್ ಎಕ್ಸ್‌ಪಿಯಲ್ಲಿ ಯೂನಿಕೋಡ್ ಕನ್ನಡ ಇತ್ತು. ಅದರ ಫಾಂಟಿನ ಹೆಸರು 'ತುಂಗಾ'.

ಇತ್ತು ನಿಜ, ಆದರೆ ಒಳಗೆ ಅಡಗಿ ಕುಳಿತಿತ್ತು. ಕಂಟ್ರೋಲ್ ಪ್ಯಾನೆಲ್‌ನ ಭಾಷೆಯ ಪುಟಕ್ಕೆ ಹೋಗಿ 'ಸಂಕೀರ್ಣ ಲಿಪಿ'ಗಳ ಫೈಲು ಹಾಕು ಎಂಬ ಚೌಕದಲ್ಲಿ ಟಿಕ್ ಮಾಡಬೇಕಿತ್ತು. ಮಾಡಿದರೆ ಅದು ವಿಂಡೋಸ್‌ನ ಸಿ.ಡಿ. ಕೇಳುತ್ತಿತ್ತು. ಅಂಗಡಿಯಲ್ಲಿ ನಕಲು ಹಾಕಿಸಿಕೊಂಡ ಜನರ ಹತ್ತಿರ ಸಿ.ಡಿ. ಎಲ್ಲಿಂದ ಬರಬೇಕು? ಟಿಕ್ ಮಾಡದ ಯಂತ್ರದಲ್ಲಿ ಒತ್ತಕ್ಷರ ಒಡೆದು ಅಕ್ಕಪಕ್ಕ ಬೀಳುತ್ತಿದ್ದವು. "ಯೂನಿಕೋಡ್ ಸರಿ ಇಲ್ಲ, ನುಡಿನೇ ಚಲೋ" ಎಂಬ ಮಾತು ಹುಟ್ಟಿದ್ದರಲ್ಲಿ ಆ ಒಂದು ಚೌಕದ ಪಾಲೂ ಇದೆ ಎಂದು ನಮಗೆ ಅನ್ನಿಸುತ್ತದೆ. 2007ರ ವಿಸ್ತಾದಲ್ಲಿ ಟಿಕ್ ಮಾಡುವ ಕೆಲಸ ತಪ್ಪಿತು, 2009ರ ವಿಂಡೋಸ್ 7ರಲ್ಲಂತೂ ಕನ್ನಡ ತಾನಾಗಿಯೇ ಕಾಣುತ್ತಿತ್ತು. ಆದರೆ ಅಷ್ಟರಲ್ಲಿ ಎಂಟು ವರ್ಷದ ಬರಹವೆಲ್ಲ ವೇಷದ ಕನ್ನಡದಲ್ಲೇ ಶೇಖರವಾಗಿತ್ತು.

ಅದೇ ಹೊತ್ತಿನಲ್ಲಿ ಕಂಪ್ಯೂಟರ್ ನಮ್ಮ ರೈತರ ಮನೆಬಾಗಿಲಿಗೂ ಬಂತು. 'ಭೂಮಿ' ಯೋಜನೆಯಲ್ಲಿ ರಾಜ್ಯದ ಸುಮಾರು 67 ಲಕ್ಷ ಭೂಹಿಡುವಳಿದಾರರ 2 ಕೋಟಿ ದಾಖಲೆಗಳು ಕಂಪ್ಯೂಟರಿಗೆ ಏರಿದವು. ನಮ್ಮ ಕಡೆ ಉತಾರ ಅನ್ನುವ ಪಹಣಿ 15 ರೂಪಾಯಿಗೆ ತಾಲ್ಲೂಕು ಕಚೇರಿಯಲ್ಲಿ ಅಚ್ಚಾಗಿ ಸಿಗತೊಡಗಿತು. ಕೈಬರಹದ ಪಹಣಿಯ ಕಾಲ ಮುಗಿಯಿತು. ಹೊಲದ ಹಕ್ಕು ಕಂಪ್ಯೂಟರ್ ಕನ್ನಡದಲ್ಲಿ ಅಚ್ಚಾಗಿ ಕೈಗೆ ಬಂದಾಗ, ಈ ಅಕ್ಷರಗಳ ವ್ಯವಹಾರ ಬರೀ ಓದು ಬಲ್ಲವರದ್ದಾಗಿ ಉಳಿಯಲಿಲ್ಲ.

ಉತಾರ ಕಾಯಲು ಸರ್ಕಾರ ಇದೆ. ಮಾಸ್ತರ ಹಂತಿ ಪದ ಕಾಯಲು ಮಾಸ್ತರು ಮಾತ್ರ ಇದ್ದಾರೆ.

ಕಾವಲು ನಿಂತ ಮೇಲೆ

ಮಾಸ್ತರು ಲ್ಯಾಪ್‌ಟಾಪ್ ತಗೊಂಡದ್ದು 2010ರಲ್ಲಿ. ಮೊದಲ ತಲೆಮಾರಿನ ಕೋರ್ ಐ3 ಪ್ರೊಸೆಸರ್, 2 ಜಿಬಿ ರ್‍ಯಾಮ್, ವಿಂಡೋಸ್ 7. 2015ರ ಜುಲೈ 29ರಂದು ವಿಂಡೋಸ್ 10 ಬಂತು. ಒಂದು ವರ್ಷದವರೆಗೆ 7 ಇದ್ದವರಿಗೆಲ್ಲ ಅದನ್ನು ಪುಕ್ಕಟೆ ಕೊಟ್ಟರು. ಮಾಸ್ತರೂ ಹಾಕಿಸಿಕೊಂಡರು. ಅಲ್ಲಿಂದ ಯಂತ್ರ ನಿಧಾನವಾಯಿತು. "ಚಾಲೂ ಮಾಡಿ, ಜಳಕ ಮಾಡಿ ಬರ್ತೀನಿ. ಅಷ್ಟೊತ್ತಿಗೆ ತಯಾರಾಗಿರತೈತಿ" ಅಂತ ನಗುತ್ತಾರೆ.

ಅದಕ್ಕೇ ಅವರಿಗೆ ಮತ್ತೆ 7 ಬೇಕು ಅನ್ನಿಸಿದ್ದು. ತಪ್ಪೇನಿಲ್ಲ, ಆ ಯಂತ್ರ ಹುಟ್ಟಿದ್ದೇ 7ರ ಜೊತೆಗೆ. ಆದರೆ ಪ್ರತಿ ಆವೃತ್ತಿಗೂ ಒಂದು ಕೊನೆಯ ದಿನ ಇರುತ್ತದೆ. ಎಕ್ಸ್‌ಪಿಗೆ 2014ರ ಏಪ್ರಿಲ್ 8, ವಿಂಡೋಸ್ 7ಕ್ಕೆ 2020ರ ಜನವರಿ 14, 8.1ಕ್ಕೆ 2023ರ ಜನವರಿ 10, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14. ಆ ದಿನ ಯಂತ್ರ ನಿಲ್ಲುವುದಿಲ್ಲ. ಕಾವಲು ನಿಲ್ಲುತ್ತದೆ. ಆಮೇಲೆ ಹೊಸದಾಗಿ ಸಿಗುವ ಕಿಂಡಿಗಳನ್ನು ಕಂಪನಿ ಮುಚ್ಚುವುದಿಲ್ಲ.

ಕಾವಲು ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಜಗತ್ತು 2017ರ ಮೇ 12ರಂದು ನೋಡಿತು. 'ವನ್ನಾಕ್ರೈ' ಎಂಬ ಕುತಂತ್ರಾಂಶ ಒಂದೇ ದಿನದಲ್ಲಿ ದೇಶದಿಂದ ದೇಶಕ್ಕೆ ಹಬ್ಬಿತು. ಅದು ಫೈಲುಗಳಿಗೆ ಬೀಗ ಹಾಕಿ, ಬಿಚ್ಚಲು 300 ಡಾಲರ್ ಕೇಳುತ್ತಿತ್ತು. ಇಂಗ್ಲೆಂಡಿನ ಆಸ್ಪತ್ರೆಗಳು ನಿಂತವು. ನಮ್ಮ ಪಕ್ಕದ ಕೇರಳದಲ್ಲಿ ವಯನಾಡು, ಪತ್ತನಂತಿಟ್ಟ ಜಿಲ್ಲೆಗಳ ಗ್ರಾಮ ಪಂಚಾಯಿತಿ ಕಚೇರಿಗಳ ಕಂಪ್ಯೂಟರಿಗೂ ಬೀಗ ಬಿತ್ತು. ಅದು ನುಗ್ಗಿದ ಕಿಂಡಿಯನ್ನು ಕಂಪನಿ ಎರಡು ತಿಂಗಳ ಮೊದಲೇ, ಮಾರ್ಚ್‌ನಲ್ಲಿ, ಮುಚ್ಚಿತ್ತು. ಪೆಟ್ಟು ತಿಂದದ್ದು ಆ ಅಪ್‌ಡೇಟ್ ಹಾಕಿಕೊಳ್ಳದ ಯಂತ್ರಗಳು. ಅವುಗಳಲ್ಲಿ ಹೆಚ್ಚಿನವು ವಿಂಡೋಸ್ 7. ಕಾವಲು ನಿಂತುಹೋಗಿದ್ದ ಎಕ್ಸ್‌ಪಿಗೂ ಕಂಪನಿ ಆಗ ಗಡಿಬಿಡಿಯಲ್ಲಿ ಒಂದು ತೇಪೆ ಕೊಡಬೇಕಾಯಿತು.

ಹಳ್ಳಿಯ ಯಂತ್ರಕ್ಕೆ ಯಾರು ಕೈ ಹಾಕುತ್ತಾರೆ ಅನ್ನುವಂತಿಲ್ಲ. ಅಂಥ ಕುತಂತ್ರಾಂಶಕ್ಕೆ ಹಳ್ಳಿ, ಪಟ್ಟಣ ಅಂತ ಭೇದವಿಲ್ಲ. ತೆರೆದ ಬಾಗಿಲು ಕಂಡರೆ ಸಾಕು. ಮಾಸ್ತರು ಪೆನ್ಶನ್ ಖಾತೆ ನೋಡುವುದೂ ಅದೇ ಲ್ಯಾಪ್‌ಟಾಪಿನಲ್ಲಿ. ಇನ್ನೊಂದು ತೊಂದರೆಯೂ ಇದೆ. ಕ್ರೋಮ್ ಬ್ರೌಸರ್ 2023ರಲ್ಲಿ 109ನೇ ಆವೃತ್ತಿಯ ನಂತರ ವಿಂಡೋಸ್ 7ರ ಕೈ ಬಿಟ್ಟಿತು. ಹಳೇ ಬ್ರೌಸರಿನಲ್ಲಿ ಬ್ಯಾಂಕಿನ ಪುಟ ತೆರೆಯದೆಯೂ ಹೋಗಬಹುದು.

ಹಾಗಾಗಿ ಮಾಸ್ತರಿಗೆ ನಮ್ಮ ಮೊದಲ ಉತ್ತರ ಇದು: "7 ಹಾಕಿಸ್ರಿ, ಆದ್ರ ಇಂಟರ್ನೆಟ್ ಮುಟ್ಟಬ್ಯಾಡ್ರಿ. ಟೈಪ್‌ರೈಟರ್ ಅಂತ ತಿಳೀರಿ. ಬ್ಯಾಂಕ್ ನೋಡೂದಿದ್ರ 7 ಬ್ಯಾಡ."

11ರ ಬಾಗಿಲು

ಹಾಗಾದರೆ ಮುಂದಕ್ಕೇ ಹೋಗಿ 11 ಹಾಕಬಾರದೇ? 2021ರ ಅಕ್ಟೋಬರ್ 5ರಂದು ಬಂದ ವಿಂಡೋಸ್ 11 ಬಾಗಿಲಲ್ಲೇ ತಡೆಯುತ್ತದೆ. ಅದಕ್ಕೆ ಕನಿಷ್ಠ 4 ಜಿಬಿ ರ್‍ಯಾಮ್ ಮತ್ತು 64 ಜಿಬಿ ಜಾಗ ಬೇಕು. ಇಂಟೆಲ್ ಆದರೆ ಬಹುಮಟ್ಟಿಗೆ 8ನೇ ತಲೆಮಾರಿನ ಮೇಲಿನ ಪ್ರೊಸೆಸರ್ ಬೇಕು. ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಎಂದರೆ ಸುಮಾರಾಗಿ 2018ರ ನಂತರದ ಯಂತ್ರಗಳಿಗೆ ಮಾತ್ರ ಪ್ರವೇಶ.

ಲೆಕ್ಕ ನೋಡಿ. 2001ರ ಎಕ್ಸ್‌ಪಿ ಕೇಳುತ್ತಿದ್ದ ಕನಿಷ್ಠ ರ್‍ಯಾಮ್ 64 ಎಂಬಿ. 2009ರ ವಿಂಡೋಸ್ 7 ಕೇಳಿದ್ದು 1 ಜಿಬಿ. 11 ಕೇಳುವುದು 4 ಜಿಬಿ. ಇಪ್ಪತ್ತು ವರ್ಷದಲ್ಲಿ 64 ಪಟ್ಟು. ಇದರಲ್ಲಿ ಒಂದಷ್ಟು ಭದ್ರತೆಗೆ, ಒಂದಷ್ಟು ಅಂದಚಂದಕ್ಕೆ, ಒಂದಷ್ಟು ಕಂಪನಿಗೆ ಬೇಕಾದ ಕೆಲಸಕ್ಕೆ. ಮಾಸ್ತರು ಅಂದೂ ಟೈಪ್ ಮಾಡುತ್ತಿದ್ದರು, ಇಂದೂ ಅದನ್ನೇ ಮಾಡುತ್ತಾರೆ.

ಬಾಗಿಲು ಮುರಿದು ಒಳಗೆ ಹೋಗುವ ಕಳ್ಳದಾರಿಗಳೂ ಇವೆ. ಕೆಲವು ಅಂಗಡಿಯವರು ಮಾಡಿಕೊಡುತ್ತಾರೆ. ಹಾಗೆ ಹಾಕಿದ 11ಕ್ಕೆ ಅಪ್‌ಡೇಟ್ ಬಂದೇ ಬರುತ್ತದೆ ಅಂತ ಕಂಪನಿ ಮಾತು ಕೊಡುವುದಿಲ್ಲ. ಇನ್ನು ನಕಲು ವಿಂಡೋಸ್ ಜೊತೆ ಹಾಕುವ 'ಆ್ಯಕ್ಟಿವೇಟರ್' ಇದೆಯಲ್ಲ, ಎಷ್ಟೋ ಸಲ ಕಳ್ಳ ಅದರ ಬೆನ್ನ ಮೇಲೆ ಕುಳಿತೇ ಮನೆಯೊಳಗೆ ಬರುತ್ತಾನೆ.

ವಿಂಡೋಸ್ 10 ಇದ್ದವರಿಗೆ ಮನೆಬಳಕೆಯ ಯಂತ್ರಕ್ಕೆ ಇನ್ನೊಂದು ವರ್ಷ, 2026ರ ಅಕ್ಟೋಬರ್ 13ರವರೆಗೆ, ಭದ್ರತಾ ಅಪ್‌ಡೇಟ್ ಪಡೆಯುವ ದಾರಿ ಇದೆ. ಸೆಟ್ಟಿಂಗ್ಸ್‌ನ ಅಪ್‌ಡೇಟ್ ಪುಟದಲ್ಲಿ ಹೆಸರು ನೋಂದಾಯಿಸಬೇಕು, ಮೈಕ್ರೋಸಾಫ್ಟ್ ಖಾತೆ ಬೇಕು. ಅದು ತಯಾರಿಗೆ ಸಿಕ್ಕ ಕಾಲ ಅಷ್ಟೇ.

ಪುಕ್ಕಟೆ ಬಂದ ಇನ್ನೊಂದು ದಾರಿ

1991ರಲ್ಲಿ, ಯೂನಿಕೋಡ್ ಪಟ್ಟಿ ಬಂದ ವರ್ಷವೇ, ಫಿನ್ಲೆಂಡಿನ ಲಿನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಲಿನಕ್ಸ್ ಬರೆಯಲು ಶುರು ಮಾಡಿದ. ಅದರ ತಿರುಳು ಯಾರ ಸೊತ್ತೂ ಅಲ್ಲ, ಯಾರು ಬೇಕಾದರೂ ತಗೊಂಡು ತಮ್ಮ ಸಿಸ್ಟಂ ಕಟ್ಟಬಹುದು. ಹಾಗೆ ಕಟ್ಟಿದ 'ಉಬುಂಟು' 2004ರಲ್ಲಿ ಬಂತು. ಇಂಟರ್ನೆಟ್ ದುಬಾರಿಯಾಗಿದ್ದ ಆ ದಿನಗಳಲ್ಲಿ ಹೆಸರು, ವಿಳಾಸ ಬರೆದು ಕೇಳಿದರೆ ಅದರ ಸಿ.ಡಿ. ಪುಕ್ಕಟೆ ಅಂಚೆಯಲ್ಲಿ ಮನೆಗೆ ಬರುತ್ತಿತ್ತು. ನಮ್ಮ ದೇಶದ ಸಿ-ಡ್ಯಾಕ್ ಸಂಸ್ಥೆ 2007ರಲ್ಲಿ 'ಬಾಸ್' ಎಂಬ ಲಿನಕ್ಸ್ ಕೊಟ್ಟಿತು, ಅದರಲ್ಲಿ ಭಾರತೀಯ ಭಾಷೆಗಳಿದ್ದವು.

ಇದು ಓದಿದ ಎಂಜಿನಿಯರುಗಳಿಗೆ ಮಾತ್ರ ಅನ್ನುವವರು ಕೇರಳದ ಶಾಲೆಗಳನ್ನು ನೋಡಬೇಕು. ಅಲ್ಲಿ ಸರ್ಕಾರಿ ಶಾಲೆಗಳ ಕಂಪ್ಯೂಟರ್ ಪಾಠ ನಡೆಯುವುದೇ ಲಿನಕ್ಸ್ ಮೇಲೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದನ್ನೇ ಕಲಿಯುತ್ತಾರೆ. ನಮ್ಮ ರಾಜ್ಯದಲ್ಲೂ 2011ರಿಂದ ಡಿಎಸ್ಇಆರ್‌ಟಿ ಮತ್ತು ಬೆಂಗಳೂರಿನ 'ಐಟಿ ಫಾರ್ ಚೇಂಜ್' ಸೇರಿ ಹೈಸ್ಕೂಲ್ ಶಿಕ್ಷಕರಿಗೆ ಉಬುಂಟು ಮೇಲೆ ತರಬೇತಿ ಕೊಟ್ಟಿದ್ದುಂಟು.

ಕನ್ನಡದ ವಿಷಯದಲ್ಲಿ ಲಿನಕ್ಸ್ ಹಿಂದೆ ಬಿದ್ದಿಲ್ಲ. ಕೀಲಿಮಣೆ ಪಟ್ಟಿಯಲ್ಲಿ 'ಕನ್ನಡ, ಕಗಪ' ಎಂದೇ ಒಂದು ಆಯ್ಕೆ ಇದೆ. ಕಗಪ ಅಂದರೆ ಕನ್ನಡ ಗಣಕ ಪರಿಷತ್ತು. ಕೆ.ಪಿ. ರಾವ್ ವಿನ್ಯಾಸದಲ್ಲಿ ನುಡಿ ಟೈಪಿಂಗ್ ಕಲಿತ ಬೆರಳುಗಳು ಅಲ್ಲಿಯೂ ಹಾಗೇ ಓಡುತ್ತವೆ, ಬೀಳುವ ಅಕ್ಷರ ಮಾತ್ರ ಯೂನಿಕೋಡ್. ಮಾಸ್ತರಿಗೆ ಹೆಚ್ಚು ಸಮಾಧಾನ ಆದದ್ದು ಈ ಮಾತಿಗೆ. "ಹಂಗಾದ್ರ ಮತ್ತ ಕಲಿಯೂದು ಬ್ಯಾಡ ಅನ್ನು" ಅಂದರು.

ಲಿನಕ್ಸ್‌ನಲ್ಲಿಯೂ ಬಾಗಿಲು ಮುಚ್ಚುವುದುಂಟು, ಅದನ್ನೂ ಹೇಳಬೇಕು. ಬಹಳ ಹಳೆಯ 32-ಬಿಟ್ ಪ್ರೊಸೆಸರಿನ ಯಂತ್ರಗಳಿಗೆ ಉಬುಂಟು ಎಂದೋ ನಿಂತಿತು. ಡೆಬಿಯನ್ ಎಂಬ ದೊಡ್ಡ ಲಿನಕ್ಸ್ 12ನೇ ಆವೃತ್ತಿಯವರೆಗೆ ಕೈ ಹಿಡಿದಿತ್ತು. 2025ರ ಆಗಸ್ಟ್ 9ರಂದು ಬಂದ 13ನೇ ಆವೃತ್ತಿಯಲ್ಲಿ 32-ಬಿಟ್ ಯಂತ್ರಕ್ಕೆ ಹಾಕುವ ಸೌಕರ್ಯ ಇಲ್ಲ.

ನಿಮ್ಮ ಮನೆಯ ಯಂತ್ರಕ್ಕೆ

ಇಷ್ಟು ಇತಿಹಾಸ ಕೈಯಲ್ಲಿ ಹಿಡಿದು ನೋಡಿದರೆ ಆಯ್ಕೆ ಅಷ್ಟೇನೂ ಕಠಿಣ ಅಲ್ಲ. ಮೊದಲು ಮೂರು ಸಂಗತಿ ಬರೆದುಕೊಳ್ಳಿ: ಪ್ರೊಸೆಸರ್ ಯಾವುದು, ರ್‍ಯಾಮ್ ಎಷ್ಟು, ಯಂತ್ರದಿಂದ ಆಗಬೇಕಾದ ಕೆಲಸ ಏನು. ಮೂರನೆಯದನ್ನು ಅಂಗಡಿಯವರು ಕೇಳುವುದು ಅಪರೂಪ.

2018ರ ನಂತರದ ಯಂತ್ರ, 8 ಜಿಬಿ ರ್‍ಯಾಮ್ ಇದ್ದರೆ ವಿಂಡೋಸ್ 11 ಹಾಕಿ. 4 ಜಿಬಿಯಲ್ಲಿ ಅದು ನಿಲ್ಲುತ್ತದೆ, ಓಡುವುದಿಲ್ಲ.

2010ರಿಂದ 2017ರ ನಡುವಿನ, 4 ಜಿಬಿ ರ್‍ಯಾಮ್ ಇರುವ ಯಂತ್ರಕ್ಕೆ ನಮ್ಮ ಸಲಹೆ ಲಿನಕ್ಸ್ ಮಿಂಟ್ 22, ಅದರಲ್ಲೂ ಹಗುರಾದ 'ಎಕ್ಸ್‌ಎಫ್‌ಸಿಇ' ರೂಪ. ಇದಕ್ಕೆ 2029ರವರೆಗೆ ಅಪ್‌ಡೇಟ್ ಬರುತ್ತದೆ. ರ್‍ಯಾಮ್ 2 ಜಿಬಿ ಇದ್ದರೆ ಇನ್ನೊಂದು 2 ಜಿಬಿ ಹಾಕಿಸಿ. ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿದರೆ ಆಗುವ ವ್ಯತ್ಯಾಸ ಯಾವ ಆವೃತ್ತಿ ಬದಲಿಸಿದರೂ ಆಗುವುದಿಲ್ಲ. ಇವೆರಡರ ಖರ್ಚು ಹೊಸ ಲ್ಯಾಪ್‌ಟಾಪಿನ ಬೆಲೆಯ ಸಣ್ಣ ಪಾಲು.

ಇಲ್ಲೊಂದು ಸೂಕ್ಷ್ಮ ಇದೆ. 'ಸಿಸ್ಟಂ 32-ಬಿಟ್' ಅಂತ ತೋರಿಸಿದರೆ ಯಂತ್ರವೇ 32-ಬಿಟ್ ಅಂತ ಅಲ್ಲ. ರ್‍ಯಾಮ್ ಕಡಿಮೆ ಇತ್ತು ಅಂತ 64-ಬಿಟ್ ಯಂತ್ರಕ್ಕೂ 32-ಬಿಟ್ ವಿಂಡೋಸ್ ಹಾಕಿಕೊಡುವ ರೂಢಿ ಇತ್ತು. ಮಾಸ್ತರ ಯಂತ್ರವೂ ಹಾಗೇ. ಪ್ರೊಸೆಸರಿನ ಹೆಸರು ನೋಡಿಯೇ ನಿರ್ಧರಿಸಿ.

ಗ್ರಾಮ ಒನ್ ನಡೆಸುವವರು, ಬೆರಳಚ್ಚು ಯಂತ್ರ ಅಥವಾ ಡಿಜಿಟಲ್ ಸಹಿಯ ಕೀಲಿ ಬಳಸುವವರು ಆತುರ ಮಾಡಬೇಡಿ. ಅಂಥ ಸಲಕರಣೆಗಳಲ್ಲಿ ಹಲವು ವಿಂಡೋಸ್ ಇಲ್ಲದೆ ನಡೆಯುವುದಿಲ್ಲ. ನಿಮ್ಮ ಹೊಟ್ಟೆಪಾಡು ಅದರ ಮೇಲಿದ್ದರೆ ವಿಂಡೋಸ್‌ನಲ್ಲೇ ಇದ್ದು, ಯಂತ್ರ ಬದಲಿಸುವ ಯೋಚನೆ ಮಾಡಿ.

ಲಿನಕ್ಸ್ ಹೇಗಿದೆ ನೋಡಬೇಕಾದರೆ ಹಳೇದನ್ನು ಅಳಿಸಬೇಕಿಲ್ಲ. 8 ಜಿಬಿಯ ಪೆನ್‌ಡ್ರೈವ್‌ಗೆ ಹಾಕಿ, ಅದರಿಂದಲೇ ಚಾಲೂ ಮಾಡಿ ನೋಡಬಹುದು. ವೈಫೈ, ಧ್ವನಿ, ಪ್ರಿಂಟರ್ ನಡೆಯುತ್ತವೆಯೇ ಅಂತ ಪರೀಕ್ಷೆ ಮಾಡಿ. ಇಳಿಸಿಕೊಳ್ಳಬೇಕಾದ ಫೈಲ್ 3 ಜಿಬಿ ಹತ್ತಿರ ಇದೆ. ದಿನಕ್ಕೆ ಒಂದೂವರೆ ಜಿಬಿ ಡೇಟಾ ಇರುವ ನಮ್ಮಂಥವರಿಗೆ ಎರಡು ದಿನದ ಕೆಲಸ. ಇದ್ದವರ ಹತ್ತಿರ ಕೇಳಿ ತಗೊಳ್ಳಿ, ಇದನ್ನು ಹಂಚಿಕೊಳ್ಳುವುದು ಕಳ್ಳತನ ಅಲ್ಲ.

ಮೊದಲು ಪದ, ಆಮೇಲೆ ಯಂತ್ರ

ನಮ್ಮ ವಿಜಯಪುರದಲ್ಲಿ ಇದಕ್ಕಿಂತ ದೊಡ್ಡ ದಾಟುವಿಕೆ ಒಮ್ಮೆ ನಡೆದಿದೆ. ಮಠ, ಮನೆಗಳ ಮೂಲೆಯಲ್ಲಿದ್ದ ಓಲೆಗರಿ ಕಟ್ಟುಗಳಿಂದ ವಚನಗಳನ್ನು ಕಾಗದಕ್ಕೆ ತಂದವರು ವಕೀಲಿ ಮಾಡುತ್ತಿದ್ದ ಫ.ಗು. ಹಳಕಟ್ಟಿಯವರು. ಅದಕ್ಕಾಗಿ 1925ರಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದರು, ಮರುವರ್ಷ 'ಶಿವಾನುಭವ' ಪತ್ರಿಕೆ ತೆಗೆದರು. ನಮ್ಮ ಸಿಂದಗಿ ಸೀಮೆಯ ಗುಬ್ಬೇವಾಡದಲ್ಲಿ ಹುಟ್ಟಿದ ಎಂ.ಎಂ. ಕಲಬುರ್ಗಿಯವರು ಮುಂದೆ 15 ಸಂಪುಟಗಳ ಸಮಗ್ರ ವಚನ ಸಂಪುಟದ ಪ್ರಧಾನ ಸಂಪಾದಕರಾದರು. ನಮ್ಮ ಕಾಲದಲ್ಲಿ 'ಸಂಚಯ' ತಂಡದವರು ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಯೂನಿಕೋಡಿಗೆ ತಂದು, ಫೋನಿನಲ್ಲಿ ಯಾರು ಬೇಕಾದರೂ ಹುಡುಕಿ ಓದುವಂತೆ ಮಾಡಿದರು. ಗರಿಯಿಂದ ಕಾಗದಕ್ಕೆ, ಕಾಗದದಿಂದ ಪರದೆಗೆ, ಪ್ರತಿ ಸಲವೂ ಹಳೆಯದು ಪುಡಿಯಾಗುವ ಮುಂಚೆ ಯಾರೋ ಕುಳಿತು ದಾಟಿಸಿದ್ದಾರೆ.

ಹಂತಿ ಪದಕ್ಕೆ ಹಳಕಟ್ಟಿಯವರು ಇಲ್ಲ. ಹಾಗಾಗಿ ನಾವು ಮಾಸ್ತರ ಯಂತ್ರಕ್ಕೆ ಕೈ ಹಾಕುವ ಮುಂಚೆ ಫೈಲಿಗೆ ಕೈ ಹಾಕಿದೆವು.

ಮೊದಲು ಇದ್ದದ್ದನ್ನು ಇದ್ದಹಾಗೇ ಎರಡು ಪೆನ್‌ಡ್ರೈವ್‌ಗೆ ನಕಲು ಮಾಡಿದೆವು. ಜೊತೆಗೆ 'ನುಡಿ 01 ಇ' ಫಾಂಟಿನ ಫೈಲನ್ನೂ ಇಟ್ಟೆವು. ಫಾಂಟ್ ಇದ್ದರೆ ಲಿನಕ್ಸ್‌ನ ಲಿಬ್ರೆ ಆಫೀಸಿನಲ್ಲೂ ಹಳೇ ಫೈಲ್ ಓದಲು ಬರುತ್ತದೆ. ಆಮೇಲೆ ಯೂನಿಕೋಡಿಗೆ ಬದಲಿಸುವ ಸಾಧನದಿಂದ ಒಂದೊಂದೇ ಫೈಲ್ ಬದಲಿಸಿದೆವು. ಇಂಥ ಸಾಧನಗಳು ಹಲವು ಪುಕ್ಕಟೆ ಸಿಗುತ್ತವೆ. ಹೊಸ ಫೈಲನ್ನು ಬೇರೆ ಹೆಸರಿನಿಂದ ಉಳಿಸಿ, ಹಳೆಯದರ ಮೇಲೆ ಬರೆಯಬೇಡಿ. ಇಷ್ಟಾದ ಮೇಲೆಯೇ 2 ಜಿಬಿ ರ್‍ಯಾಮ್ ಮತ್ತು ಎಸ್‌ಎಸ್‌ಡಿ ಹಾಕಿಸಿ, ಮಿಂಟ್ ಹಾಕಿದ್ದು. ತೆಗೆದ ಹಾರ್ಡ್ ಡಿಸ್ಕನ್ನು ಒರೆಸದೆ ಹಾಗೇ ಡಬ್ಬಿಯಲ್ಲಿ ಇಟ್ಟಿದ್ದೇವೆ. ಈಗ ಮಾಸ್ತರು ಜಳಕಕ್ಕೆ ಹೋಗುವಷ್ಟು ಹೊತ್ತು ಯಂತ್ರ ಕೊಡುವುದಿಲ್ಲ.

ಬದಲಿಸಿದ ಒಂದು ಪದವನ್ನು ಮಾಸ್ತರು ಪುಣೆಯಲ್ಲಿರುವ ಮೊಮ್ಮಗಳ ಫೋನಿಗೆ ಕಳಿಸಿದರು. ಪೌಂಡಿನ ಚಿಹ್ನೆ ಇಲ್ಲ, ಗೀರು ಇಲ್ಲ, ನೆಟ್ಟಗೆ ಕನ್ನಡ ತೆರೆಯಿತು. "ಅಜ್ಜಾ, 'ಮೇಟಿ' ಅಂದ್ರ ಏನು?" ಅಂತ ತಿರುಗಿ ಬಂತು. ಕಣದ ನಡುವೆ ನೆಡುವ ಕಂಬ, ಎತ್ತಿನ ಹಂತಿ ಅದರ ಸುತ್ತ ತಿರುಗುತ್ತದೆ ಅಂತ ಮಾಸ್ತರು ಬರೆದರು. ಬೆರಳು ನಡುಗಿದರೂ ಕಗಪದಲ್ಲೇ ಟೈಪ್ ಮಾಡಿದರು.

ಕೆಲಸ ಮುಗಿದಿಲ್ಲ. ಬದಲಿಸುವಾಗ ಕೆಲವು ಕಡೆ ಅರ್ಕಾವತ್ತು ಜಾಗ ತಪ್ಪಿವೆ, ಒತ್ತಕ್ಷರ ಬೇರೆಯಾಗಿವೆ. ಆರು ಪದಗಳಲ್ಲಿ ಸಾಲುಗಳೇ ಅನುಮಾನ ಬರುವಂತಿವೆ. ತಪ್ಪು ಯಂತ್ರದ್ದೋ, ಮಾಸ್ತರು ಟೈಪ್ ಮಾಡುವಾಗ ಆದದ್ದೋ, ಹಾಡುವಾಗಲೇ ಹಾಗಿತ್ತೋ ಅಂತ ಹೇಳಬಲ್ಲವರು ಆ ಅಜ್ಜ ಒಬ್ಬರೇ. ಅವರಿಗೆ ಈಗ ಕಣ್ಣು ಕಾಣುವುದಿಲ್ಲ, ಕಿವಿ ಇನ್ನೂ ಚುರುಕು.

ಮಿಂಟ್‌ಗೆ 2029ರವರೆಗೆ ಕಾಲ ಇದೆ. ಅಜ್ಜನ ವಿಷಯದಲ್ಲಿ ಅಂಥ ದಿನಾಂಕ ಯಾರೂ ಬರೆದುಕೊಟ್ಟಿಲ್ಲ. ಬರುವ ಭಾನುವಾರ ಲ್ಯಾಪ್‌ಟಾಪ್ ತಗೊಂಡು ಮಾಸ್ತರ ಜೊತೆ ಅವರ ಮನೆಗೆ ಹೋಗುತ್ತಿದ್ದೇವೆ. ಆರು ಪದ ಓದಿ ಹೇಳುತ್ತೇವೆ, ಅವರು ತಿದ್ದಿಸುತ್ತಾರೆ. ಹಾಡಿದರೆ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತೇವೆ.

ನಿಮ್ಮ ಮನೆಯ ಹಳೇ ಲ್ಯಾಪ್‌ಟಾಪಿನಲ್ಲಿ ಯಾರಾದರೂ ನುಡಿಯಲ್ಲಿ ಟೈಪ್ ಮಾಡಿಟ್ಟ ಪದ, ಲೆಕ್ಕ, ಪತ್ರ ಏನಾದರೂ ಇದೆಯೇ ನೋಡಿ. ಅಂಗಡಿಗೆ ಒಯ್ಯುವುದಾದರೆ, ಮೊದಲು ಅದನ್ನು ಹೊರಗೆ ತೆಗೆದಿಟ್ಟು ಒಯ್ಯಿರಿ.